ಎರಡನೆಯ ಸಿ.ಡಿ.

ಪ್ರಸನ್ನನ ಸಿನಿಮಾವನ್ನು ನಾನು ಅರ್ಧ ಮಾತ್ರ ನೋಡಿ ಬೇಡವೆಂದು ಬರೆದೆ. ಉಳಿದರ್ಧ ನೋಡಿದ ಮೇಲೂ ಬಾಯಿ ಬಿಡಲಿಲ್ಲ. ಕೊನೆಗೆ ಅವನೇ ಎದುರು ನಿಂತು ಕೇಳಿದಾಗ ಸುಳ್ಳು ಹೇಳಿದೆ. ವಿಷಯ ಇಷ್ಟೇ.

ಆದರೆ ವಿಜಯವಾಡದಲ್ಲಿ ನಾನು ಓದಿದ ಕಾಲೇಜಿನಲ್ಲಿ ಈ ಬಗ್ಗೆ ಹೇಳುವ ಕಥೆ ಬೇರೆ. ಅಲ್ಲಿನ ಚರ್ಚಾಕೂಟಕ್ಕೆ ಪ್ರತಿವರ್ಷ ಹೊಸಬರು ಸೇರುತ್ತಾರೆ, ಪ್ರತಿವರ್ಷವೂ ಕೂಟ ನಡೆಸುವ ನಮ್ಮ ಮಾಸ್ಟಾರು ಅವರಿಗೆ ನನ್ನ ಕಥೆ ಹೇಳುತ್ತಾರೆ. ಒಬ್ಬನಿದ್ದ, ಬಾಲ್ಯದ ಗೆಳೆಯನ ಸಿನಿಮಾ ಅವನ ಕೈಗೆ ಬಂತು, ಗೆಳೆಯನೆಂದು ಕರಗಲಿಲ್ಲ, ಇದರಲ್ಲಿ ಶೈಲಿ ಇದೆ, ಸಾರ ಇಲ್ಲ ಎಂದು ಬರೆದು ಸಹಿ ಹಾಕಿದ. ನಿಷ್ಪಕ್ಷಪಾತ ಎಂದರೆ ಇದು. ಈ ಕಥೆ ಆರು ವರ್ಷದಿಂದ ನಡೆಯುತ್ತಿದೆ. ಇದನ್ನೇ ಒಂದು ವಾದವೆಂದು ತಿಳಿದು ಪರೀಕ್ಷೆ ಮಾಡಿ ನೋಡಿ. ಸಾಕ್ಷಿ ಏನು? ನಾನು ಬರೆದ ಒಂದು ಪುಟ. ಆ ಪುಟಕ್ಕೆ ಸಾಕ್ಷಿ? — ಕೇಳಿದವರಿಲ್ಲ. ವಾದ ಕಲಿಸುವ ಕೂಟದಲ್ಲೇ ಯಾರೂ ಕೇಳಲಿಲ್ಲ. ಕೇಳಬಾರದೆಂದು ನಾನೂ ಬಯಸಿದ್ದೆ, ಅದನ್ನೂ ಹೇಳಿಬಿಡಬೇಕು.

ಪ್ರಸನ್ನನೂ ನಾನೂ ವಿಶಾಖಪಟ್ಟಣದ ಗಾಜುವಾಕದಲ್ಲಿ ಒಂದೇ ಕಟ್ಟಡದಲ್ಲಿ ಬೆಳೆದವರು. ಬಾಡಿಗೆ ಮನೆಗಳ ಮೂರಂತಸ್ತಿನ ಕಟ್ಟಡ ಅದು. ಅದರಲ್ಲಿ ಕನ್ನಡದ ಮನೆಗಳು ಎರಡೇ, ನಮ್ಮದು ಬಳ್ಳಾರಿ ಕಡೆ, ಅವರದು ರಾಯಚೂರು ಕಡೆ. ಅವನ ತಂದೆ ತಿಮ್ಮಣ್ಣ ಕಾಕಾ ಬಂದರಿನ ಹತ್ತಿರ ಗುತ್ತಿಗೆದಾರರೊಬ್ಬರ ಬಳಿ ಕೆಲಸಕ್ಕಿದ್ದರು. ಕ್ರೇನ್ ನಡೆಸುವವನು ಮೇಲೆ ಗೂಡಿನಲ್ಲಿ ಕೂತಿರುತ್ತಾನೆ. ಭಾರದ ಕೆಳಗೆ ಏನಿದೆ ಎಂದು ಅವನಿಗೆ ಕಾಣುವುದಿಲ್ಲ. ಕೆಳಗೊಬ್ಬರು ನಿಂತು ಕೈಸನ್ನೆಯಿಂದ ಎತ್ತು, ಇಳಿಸು, ನಿಲ್ಲಿಸು ಎಂದು ಹೇಳಬೇಕು. ಕಾಕಾ ಆ ಸನ್ನೆ ಕೊಡುವವರು. ಮದುವೆಗೆ ಮುಂಚೆ ಎಲ್ಲೋ ಹಗ್ಗಕ್ಕೆ ಸಿಕ್ಕಿ ಅವರ ಬಲಗೈ ಕಿರುಬೆರಳು ಅರ್ಧ ಹೋಗಿತ್ತು. ಆ ಕೈಯಿಂದಲೇ ಅವರು ನಮಗೆ ಎಷ್ಟೋ ಸಲ ಮಂಡಕ್ಕಿ ಹಂಚಿದ್ದಾರೆ. ಇವೆಲ್ಲ ನನಗೆ ಗೊತ್ತಿದ್ದ ಸಂಗತಿಗಳು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಗಾಜುವಾಕದ ಟಾಕೀಸಿಗೆ ಇಂಗ್ಲಿಷ್ ಸಿನಿಮಾಗಳು ತೆಲುಗು ಮಾತು ತೊಟ್ಟು ಬರುತ್ತಿದ್ದವು. ಬಾಹ್ಯಾಕಾಶ, ಯಂತ್ರಮಾನವರು, ಗೋಡೆಯ ಮೇಲೆ ಓಡುವ ನಾಯಕರು. ಮುಂದಿನ ಸಾಲುಗಳಿಂದ ಸಿಳ್ಳೆ ಬೀಳುತ್ತಿತ್ತು. ಪ್ರಸನ್ನ ಸಿಳ್ಳೆ ಹಾಕುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದು, ಪಾಠ ಕೇಳುವವನಂತೆ ನೋಡುತ್ತಿದ್ದ. ನಾನು ಪಕ್ಕದಲ್ಲಿ ಕೂತು ತಪ್ಪು ಎಣಿಸುತ್ತಿದ್ದೆ. ಗಾಳಿಯೇ ಇಲ್ಲದ ಕಡೆ ಸದ್ದು ಹೇಗೆ ಬಂತು? ಭವಿಷ್ಯವನ್ನೇ ಬಲ್ಲ ಯಂತ್ರಕ್ಕೆ ಬಾಗಿಲ ಹಿಂದೆ ನಿಂತವನು ಯಾಕೆ ಕಾಣಲಿಲ್ಲ? ಹೊರಗೆ ಬಂದು ಚಹಾ ಕುಡಿಯುತ್ತ ಜಗಳ. ನನ್ನ ವಾದ ಯಾವತ್ತೂ ಒಂದೇ — ಈ ಸಿನಿಮಾಗಳಿಗೆ ಹೇಳುವುದು ಏನೂ ಇಲ್ಲ, ಅದಕ್ಕೇ ನಿಧಾನವಾಗಿ ಹೇಳುತ್ತವೆ. ಗುಂಡು ನಿಧಾನ, ಕೋಟು ನಿಧಾನ, ಬೀಳುವ ನೀರಹನಿ ನಿಧಾನ. ಶೈಲಿ ಎಂದರೆ ಮೇಲಿನ ಕಾಗದ, ಬಿಚ್ಚಿ ಎಸೆದ ಮೇಲೆ ಕೈಯಲ್ಲಿ ಏನು ಉಳಿಯುತ್ತದೆ ಎನ್ನುವುದೇ ಪ್ರಶ್ನೆ.

ಅವನಿಗೆ ವಾದ ಬರುತ್ತಿರಲಿಲ್ಲ. ತೆಲುಗಿನಲ್ಲೇ ತಡವರಿಸುವವನು ಕನ್ನಡದಲ್ಲಿ ಇನ್ನೂ ಕಷ್ಟಪಡುತ್ತಿದ್ದ. ಒಮ್ಮೆ ಮಾತ್ರ, ಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ನಾನು ಮಾತಾಡುವ ರೀತಿಯನ್ನೇ ಹಿಡಿದು, ತೆಲುಗು ಬೆರೆಸಿಯೇ ನನ್ನನ್ನು ಕಟ್ಟಿಹಾಕಿದ.

"ನೀ ಭಾಷಣ ಮಾಡ್ತ ಮಾಡ್ತ ಕೈ ಹಿಂಗ ಮ್ಯಾಲೆತ್ತಿ ಒಂದ್ ಸೆಕೆಂಡ್ ನಿಲ್ಲಿಸ್ತಿ ಕದಾ, ಜಡ್ಜು ನೋಡ್ಲಿ ಅಂತ. ಅದು ಸ್ಟೈಲಾ, ಮ್ಯಾಟರಾ?"

ಎರಡೂ ಅಲ್ಲ, ತಂತ್ರ ಎಂದೆ. ಅವನು ನಕ್ಕು, ಹಂಗಾರ ಆ ಸಿನಿಮಾದೋನಿಗೂ ಒಂದು ತಂತ್ರ ಇರಬಾರದೇನಲೇ ಎಂದ. ಚಹಾದ ಲೋಟ ಕೆಳಗಿಟ್ಟು ಬೇರೆ ಮಾತು ತೆಗೆದೆ. ಸೋಲುವ ಅಂಚಿಗೆ ಬಂದಾಗ ವಿಷಯ ಬದಲಿಸುವುದೂ ನಾನು ಕಲಿತ ವಿದ್ಯೆಯೇ.

ನಾನು ಎಂಜಿನಿಯರಿಂಗ್ ಓದಲು ವಿಜಯವಾಡಕ್ಕೆ ಹೋದೆ. ಭವಾನಿಪುರದಲ್ಲಿ ಕೋಣೆ ಹಿಡಿದೆ. ಅವನು ವಿಶಾಖಪಟ್ಟಣದಲ್ಲೇ ಬಿ.ಎಸ್ಸಿ. ಸೇರಿದ. ಮೂರನೆಯ ವರ್ಷ ನಮ್ಮ ಕಾಲೇಜು ವಿದ್ಯಾರ್ಥಿಗಳ ಕಿರುಚಿತ್ರ ಉತ್ಸವ ಮಾಡುವುದಾಗಿ ಸುತ್ತೋಲೆ ಹೊರಡಿಸಿತು. ಅಷ್ಟು ಹೊತ್ತಿಗೆ ಪ್ರಸನ್ನ ಯಾರದೋ ಕ್ಯಾಮೆರಾ ಕಡ ತಂದು, ಭಾನುವಾರಗಳಂದು ನಮ್ಮದೇ ಕಟ್ಟಡದ ತಾರಸಿಯ ಮೇಲೆ, ನೀರಿನ ಟ್ಯಾಂಕುಗಳ ನಡುವೆ ಒಂದು ಸಿನಿಮಾ ತೆಗೆಯುತ್ತಿದ್ದ. ವೈಜ್ಞಾನಿಕ ಕಥೆ, ಹೊಡೆದಾಟ. ಅದು ಯಾವುದರ ಬಗ್ಗೆ ಎಂದು ಮನೆಯಲ್ಲಿ ಹೇಳಿರಲಿಲ್ಲ. ಅವನಿಗೆ ಹೈದರಾಬಾದಿಗೆ ಹೋಗಿ ಸಿನಿಮಾ ಸಂಕಲನ ಕಲಿಯುವ ಆಸೆ. ಕಾಕಾನಿಗೆ ಸಿನಿಮಾ ಎಂದರೆ ಹೊತ್ತು ಹಾಳು ಮಾಡುವುದಕ್ಕೆ ಇನ್ನೊಂದು ಹೆಸರು. ಪರವಾಡದ ಕಡೆ ಔಷಧಿ ಕಾರ್ಖಾನೆಯಲ್ಲಿ ಪರಿಚಯದವರ ಮೂಲಕ ಒಂದು ಜಾಗ ನೋಡಿಟ್ಟಿದ್ದರು. ತಂದೆ ಮಗನ ನಡುವೆ ಒಂದು ತಿಂಗಳು ಮಾತಿಲ್ಲದೆ ನಡೆದು, ಕೊನೆಗೆ ಕಾಕಾ ಒಂದು ತೀರ್ಮಾನಕ್ಕೆ ಬಂದರು. ನಾನು ರಜಕ್ಕೆ ಬಂದಿದ್ದೆ, ಅಲ್ಲೇ ಬಾಗಿಲಲ್ಲಿ ನಿಂತಿದ್ದೆ.

"ನಾಕು ಮಂದಿ ಓದಿದವ್ರು ಕುಂತು ನೋಡಿ, ಬೆಜವಾಡದಾಗ ಪರದೆ ಮ್ಯಾಲೆ ಹಾಕಿದ್ರ ನಾನೂ ಬಂದು ನೋಡ್ತೀನಿ. ಆಮ್ಯಾಲ ನೀ ಎಲ್ಲಿಗಾರ ಹೋಗು. ಹಾಕಲಿಲ್ಲಂದ್ರ ಈ ಮಾತು ಇಲ್ಲಿಗೆ ಮುಗೀತು."

ಬೆಜವಾಡ ಎಂದರೆ ವಿಜಯವಾಡವೇ; ಪ್ರಸನ್ನ ಅಂದೇ ತನಗೂ ಅಪ್ಪನಿಗೂ ಅಲ್ಲಿಗೆ ರೈಲಿನ ಟಿಕೆಟ್ ಮಾಡಿಸಿದ. ನನ್ನ ಕಡೆ ತಿರುಗಿ, ಅಪ್ಪಗೆ ಆ ಹಾಲ್‌ನಾಗ ಕುಂತೇ ತೋರಿಸಬೇಕಲೇ, ಮನ್ಯಾಗ ಟಿ.ವಿ.ಯಾಗ ಅಲ್ಲ ಎಂದ. ಯಾಕೆ ಎಂದು ನಾನು ಕೇಳಲಿಲ್ಲ.

ಉತ್ಸವದ ಸಮಿತಿಯಲ್ಲಿ ನಾವು ಐದು ಜನ. ಬಂದ ಸಿನಿಮಾಗಳು ನಲವತ್ತರಷ್ಟು, ಇದ್ದ ಕಂಪ್ಯೂಟರು ಒಂದು, ಅದೂ ದಿನಕ್ಕೆ ಎರಡು ಗಂಟೆ ಮಾತ್ರ ನಮಗೆ. ಹೀಗಾಗಿ ಒಂದು ಪದ್ಧತಿ ಮಾಡಿಕೊಂಡೆವು — ಒಂದು ಸಿನಿಮಾವನ್ನು ಒಬ್ಬರು ನೋಡುವುದು, ಒಂದು ಪುಟ ಬರೆಯುವುದು. ಉಳಿದವರು ಆ ಪುಟ ಓದಿ ತೀರ್ಮಾನಿಸುವುದು. ಪ್ರಸನ್ನನ ಲಕೋಟೆ ಬಂದಾಗ ನಾನೇ ಎದ್ದು ನಿಂತು, ಇವನು ನನ್ನ ಗೆಳೆಯ, ಬೇರೆಯವರು ನೋಡಲಿ ಎಂದೆ. ಮಾಸ್ಟಾರು, ಗೆಳೆಯನೆಂದು ಬಾಯಿಬಿಟ್ಟು ಹೇಳಿದವನೇ ನಂಬಿಕಸ್ಥ, ನೀನೇ ನೋಡು ಎಂದರು. ಆ ಮಾತು ನನಗೆ ಹಿತವಾಗಿತ್ತು. ಬಹಳ ಹಿತವಾಗಿತ್ತು.

ಲಕೋಟೆಯಲ್ಲಿ ಎರಡು ಸಿ.ಡಿ.ಗಳಿದ್ದವು. ಎಡಿಟಿಂಗ್ ಮಾಡಿಕೊಟ್ಟವರ ಕಂಪ್ಯೂಟರು ದೊಡ್ಡ ಫೈಲು ಹಾಕಿದರೆ ನಿಂತೇ ಹೋಗುತ್ತದೆ, ಅದಕ್ಕೆ ಎರಡು ಭಾಗ ಮಾಡಿದ್ದೇನೆ ಎಂದು ಚೀಟಿಯಲ್ಲಿ ಬರೆದಿದ್ದ. ಆಗ ಅಂಗಡಿಯಿಂದ ತರುವ ಸಿನಿಮಾಗಳೂ ಎರಡು ಸಿ.ಡಿ.ಯಲ್ಲೇ ಬರುತ್ತಿದ್ದವು, ಮಧ್ಯದಲ್ಲಿ ಎದ್ದು ಬದಲಿಸುವುದು ಎಲ್ಲರಿಗೂ ಅಭ್ಯಾಸ. ನಾನು ಎದ್ದು ಬದಲಿಸಲಿಲ್ಲ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ವಾದಸ್ಪರ್ಧೆಯಲ್ಲಿ ನಮಗೆ ಮೊದಲು ಕಲಿಸುವುದೇ ಇದು: ಎದುರಾಳಿ ಮಾತಾಡುತ್ತಿರುವಾಗಲೇ ಉತ್ತರ ಬರೆಯಲು ಶುರುಮಾಡು. ಅವನು ಮುಗಿಸುವವರೆಗೆ ಕಾದವನು ಸೋತ. ಮೊದಲ ಎರಡು ನಿಮಿಷದಲ್ಲಿ ಅವನ ದಾರಿ ಗೊತ್ತಾಗುತ್ತದೆ, ಉಳಿದದ್ದು ಉದಾಹರಣೆ. ಚೆನ್ನಾಗಿ ವಾದಿಸುವವನ ಗುರುತು ಎಂದರೆ ಎದುರಿನವನ ಕೊನೆಯ ವಾಕ್ಯವನ್ನು ಅವನಿಗಿಂತ ಮುಂಚೆ ತಾನೇ ಮುಗಿಸುವುದು. ನಾನು ಚೆನ್ನಾಗಿಯೇ ವಾದಿಸುತ್ತಿದ್ದೆ. ಎಷ್ಟೋ ಸಲ ಎದುರಾಳಿಯ ಕೊನೆಯ ಮಾತು ನನ್ನ ಕಿವಿಗೆ ಬಿದ್ದೇ ಇಲ್ಲ, ಆದರೂ ಗೆದ್ದಿದ್ದೇನೆ. ಗೆದ್ದ ಮೇಲೆ ಯಾರಿಗೆ ಅನುಮಾನ ಬರುತ್ತದೆ?

ಮೊದಲ ಸಿ.ಡಿ. ಇಪ್ಪತ್ತು ನಿಮಿಷದ್ದು. ಮುಂದೊಂದು ಕಾಲದ ಊರು. ಬಂದರಿನವರ ಉದ್ದದ ಮಳೆಕೋಟಿಗೆ ಕರಿ ಬಳಿದು ತೊಟ್ಟ ನಾಯಕ — ಪ್ರಸನ್ನನೇ. ಕಪ್ಪು ಕನ್ನಡಕ. ಬೆಳ್ಳಿ ಕಾಗದದ ಮುಖವಾಡ ಹಾಕಿದ ಶತ್ರುಗಳು ಟ್ಯಾಂಕಿನ ಹಿಂದಿನಿಂದ ಒಬ್ಬೊಬ್ಬರಾಗಿ ಬರುತ್ತಾರೆ. ಅವನು ಯಾರನ್ನೂ ಮುಟ್ಟುವುದಿಲ್ಲ. ಬಲಗೈ ಎತ್ತಿ, ತೋರುಬೆರಳು ಆಕಾಶಕ್ಕೆ ಮಾಡಿ ಸಣ್ಣಗೆ ಸುತ್ತುತ್ತಾನೆ. ಶತ್ರು ನೆಲ ಬಿಟ್ಟು ಮೇಲೇಳುತ್ತಾನೆ. ಗೋಡೆಯಿಂದ ಹಾರಿದ್ದನ್ನು ಹಿಂದುಮುಂದಾಗಿ ಓಡಿಸಿದ್ದು ಎಂದು ನೋಡಿದರೆ ತಿಳಿಯುತ್ತಿತ್ತು. ಅಂಗೈ ಕೆಳಗೆ ಮಾಡಿ ತೋಳನ್ನು ಅಡ್ಡಕ್ಕೆ ಬೀಸುತ್ತಾನೆ. ಎಲ್ಲರೂ ನಿಂತಲ್ಲೇ ನಿಲ್ಲುತ್ತಾರೆ. ಕೊನೆಗೆ ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ಬೆಸೆದು ನಿಲ್ಲುತ್ತಾನೆ. ಗಾಳಿಯೂ ನಿಂತಂತೆ ಕೋಟು ಇಳಿಯುತ್ತದೆ. ಎಲ್ಲವೂ ನಿಧಾನ, ಬಹಳ ನಿಧಾನ. ಉದ್ದಕ್ಕೂ ಬಲಗೈ ಕಿರುಬೆರಳು ಮಡಚಿಯೇ ಇತ್ತು. ಯಾರು, ಯಾಕೆ, ಎಲ್ಲಿ — ಒಂದು ಮಾತೂ ಇಲ್ಲ.

ಏಳನೆಯ ನಿಮಿಷಕ್ಕೆ ಬರೆಯಲು ಶುರುಮಾಡಿದೆ. ಇಂಗ್ಲಿಷಿನಲ್ಲಿ ಬರೆದ ಪುಟ ಅದು. ಕನ್ನಡಕ್ಕೆ ತಂದರೆ ಅದರ ಮುಖ್ಯ ವಾಕ್ಯಗಳು ಹೀಗಿವೆ. 'ಇಲ್ಲಿ ಕೋಟು ಹಾರುತ್ತದೆ, ಕಥೆ ಕೂತಲ್ಲೇ ಕೂತಿದೆ. ನಾಯಕ ಕಿರುಬೆರಳು ಮಡಚಿ ಯುದ್ಧ ಮಾಡುತ್ತಾನೆ, ಚಹಾದ ಬಟ್ಟಲು ಹಿಡಿದವನಂತೆ. ಅವನ ಕಪ್ಪು ಕನ್ನಡಕ ತೆಗೆದರೆ ಹಿಂದೆ ಕಣ್ಣೂ ಇರಲಾರದು.' ಮೊದಲ ಸಿ.ಡಿ. ಮುಗಿಯುವ ಹೊತ್ತಿಗೆ ಪುಟ ತುಂಬಿತ್ತು. ಕೊನೆಯಲ್ಲಿ 'ಆರಂಭದಿಂದ ಅಂತ್ಯದವರೆಗೆ ಇದೇ' ಎಂದು ಸೇರಿಸಿ ಸಹಿ ಹಾಕಿದೆ. ಅಂತ್ಯ ಇನ್ನೂ ಲಕೋಟೆಯಲ್ಲಿತ್ತು. ಕಂಪ್ಯೂಟರ್ ಸಮಯ ಇನ್ನೂ ಅರ್ಧ ಗಂಟೆ ಉಳಿದಿತ್ತು, ಅದನ್ನೂ ಮುಚ್ಚಿಡುವುದಿಲ್ಲ.

ಸಭೆಯಲ್ಲಿ ಪುಟ ಓದಿದಾಗ ಕನ್ನಡಕದ ವಾಕ್ಯಕ್ಕೆ ಎಲ್ಲರೂ ನಕ್ಕರು. ಸಿನಿಮಾ ಬಿತ್ತು. ಮಾಸ್ಟಾರು ಆ ಪುಟವನ್ನು ಪ್ರತಿ ಮಾಡಿಸಿ ಚರ್ಚಾಕೂಟದ ಫಲಕಕ್ಕೆ ಹಾಕಿದರು, ವಿಮರ್ಶೆ ಹೀಗಿರಬೇಕು ಎಂದು.

ಉತ್ಸವಕ್ಕೆ ಮೂರು ದಿನ ಇತ್ತು. ಆಯ್ಕೆಯಾಗದ ಸಿ.ಡಿ.ಗಳನ್ನು ಕೊರಿಯರ್‌ನಲ್ಲಿ ಹಿಂದಿರುಗಿಸುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನ. ಆ ಕಂಪ್ಯೂಟರಿದ್ದ ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಪ್ರಸನ್ನನ ಲಕೋಟೆ ಕೈಗೆ ಬಂದಾಗ ಎರಡನೆಯದನ್ನು ಕಂಪ್ಯೂಟರಿಗೆ ಹಾಕಿದೆ. ಪಶ್ಚಾತ್ತಾಪದಿಂದ ಎಂದು ಹೇಳಿದರೆ ಚೆನ್ನಾಗಿರುತ್ತದೆ, ಹಾಗಲ್ಲ. ನನ್ನ ಊಹೆ ಸರಿಯಾಗಿತ್ತೆಂದು ನೋಡಿ ಖುಷಿಪಡಲು ಹಾಕಿದೆ.

ಅದೇ ತಾರಸಿ. ಕೋಟು ಇಲ್ಲ. ಮುಖವಾಡದವರೂ ಇಲ್ಲ. ಖಾಕಿ ಅಂಗಿ ತೊಟ್ಟು, ಹಳದಿ ಹೆಲ್ಮೆಟ್ ಹಾಕಿಕೊಂಡ ಪ್ರಸನ್ನ ಬಿಸಿಲಿನಲ್ಲಿ ಮೇಲೆ ನೋಡುತ್ತ ನಿಂತಿದ್ದಾನೆ. ಕನ್ನಡಕ ತೆಗೆದು ಜೇಬಿಗೆ ಹಾಕುತ್ತಾನೆ, ಬಿಸಿಲಿಗೆ ಕಣ್ಣು ಕಿರಿದಾಗುತ್ತದೆ. ಬಲಗೈ ಎತ್ತಿ ತೋರುಬೆರಳು ಸಣ್ಣಗೆ ಸುತ್ತುತ್ತಾನೆ. ಅವನ ಕಾಲ ಬಳಿ, ನೆಲದ ಮೇಲೆ, ಒಂದು ದೊಡ್ಡ ಚೌಕದ ನೆರಳು ನಿಧಾನವಾಗಿ ಸರಿಯಲು ತೊಡಗುತ್ತದೆ. ಕ್ರೇನ್ ಕಾಣುವುದೇ ಇಲ್ಲ. ಅದರ ಸದ್ದು, ಆ ನೆರಳು, ಅಷ್ಟೇ. ಮೊದಲ ಭಾಗದಲ್ಲಿ ಮಾಡಿದ ಪ್ರತಿಯೊಂದು ಭಂಗಿಯನ್ನು ಅದೇ ಕ್ರಮದಲ್ಲಿ, ಈಗ ಸಾಮಾನ್ಯ ವೇಗದಲ್ಲಿ ಮಾಡುತ್ತಾನೆ. ಎತ್ತು. ಸರಿಸು. ನಿಲ್ಲಿಸು. ಇಳಿಸು. ನಾನು ಚಹಾದ ಬಟ್ಟಲು ಎಂದು ಬರೆದ ಕಿರುಬೆರಳು — ಅದು ಮಡಚಿದ್ದಲ್ಲ, ಇಲ್ಲದ ಬೆರಳು. ಕಾಕಾನ ಕೈ ಅದು. ಯಂತ್ರದ ದನಿಯೊಂದು ತೆಲುಗಿನಲ್ಲಿ, ಇಷ್ಟು ಹೊತ್ತು ಏನು ಮಾಡುತ್ತಿದ್ದೆ ಎಂದು ಕೇಳುತ್ತದೆ. 'ಡ್ಯೂಟಿ' ಎನ್ನುತ್ತಾನೆ. ಇಡೀ ಸಿನಿಮಾದಲ್ಲಿ ಅವನಾಡುವ ಮಾತು ಅದೊಂದೇ. ಎರಡೂ ಕೈ ಹೊಟ್ಟೆಯ ಮುಂದೆ ಬೆಸೆಯುತ್ತಾನೆ. ಎಲ್ಲವನ್ನೂ ನಿಲ್ಲಿಸು ಎನ್ನುವ ಸನ್ನೆ ಅದು. ನೆರಳು ನಿಲ್ಲುತ್ತದೆ. ಗೋಡೆಯ ಪಕ್ಕ ಸಾಲಾಗಿಟ್ಟ ಊಟದ ಕ್ಯಾರಿಯರುಗಳನ್ನು ಒಂದೊಂದೇ ಕೈ ಬಂದು ಎತ್ತಿಕೊಂಡು ಹೋಗುತ್ತದೆ. ಎಲ್ಲರೂ ಮನೆಗೆ ಹೋಗುತ್ತಿದ್ದಾರೆ. ಒಂದೂ ಕ್ಯಾರಿಯರು ಉಳಿಯುವುದಿಲ್ಲ. ಸಿನಿಮಾ ಮುಗಿಯಿತು.

ಆ ನಿಧಾನಗತಿ ಯಾಕಿತ್ತೆಂದು ಆಗ ತಿಳಿಯಿತು. ತಲೆಯ ಮೇಲೆ ಭಾರ ತೂಗುತ್ತಿರುವಾಗ ಕೆಳಗೆ ನಿಂತು ಕೈ ಎತ್ತಿದವನಿಗೆ ಕಾಲ ಹಾಗೆ ನಡೆಯುತ್ತದೆ. ಶೈಲಿಯನ್ನು ಬಿಚ್ಚಿ ಎಸೆದರೆ ಕೈಯಲ್ಲಿ ಏನು ಉಳಿಯುತ್ತದೆ ಎಂದು ಕೇಳುತ್ತಿದ್ದೆನಲ್ಲ — ಇಲ್ಲಿ ಬಿಚ್ಚಲು ಕಾಗದವೇ ಇರಲಿಲ್ಲ. ಆ ಭಂಗಿಗಳೇ ಅವನು ಹೇಳಬೇಕಾಗಿದ್ದ ವಿಷಯ. ಟಾಕೀಸಿನಲ್ಲಿ ಪಾಠ ಕೇಳುವವನಂತೆ ಕೂತಿದ್ದವನು, ಕಲಿತದ್ದನ್ನು ಒಯ್ದು ಅಪ್ಪನಿಗೆ ತೊಡಿಸಿದ್ದ. ಅಪ್ಪ ಆ ಹಾಲಿನಲ್ಲಿ, ಅಪರಿಚಿತರ ನಡುವೆ ಕೂತು, ತನ್ನ ಕೈಯನ್ನು ತಾನೇ ಗುರುತಿಸಬೇಕೆಂದು — ಅದಕ್ಕೆ ಟಿ.ವಿ. ಬೇಡವೆಂದಿದ್ದು.

ಮೂರು ದಿನ ಇತ್ತು. ಅದೇ ದಿನ ಬೆಳಿಗ್ಗೆ ಗುಂಟೂರಿನ ತಂಡವೊಂದು ತಮ್ಮ ಸಿನಿಮಾ ಹಿಂತೆಗೆದುಕೊಂಡಿತ್ತು, ನಲವತ್ತು ನಿಮಿಷದ ಜಾಗ ಖಾಲಿ ಇತ್ತು. ಎದ್ದು ಹೋಗಿ, ಮಾಸ್ಟಾರೇ, ನಾನು ಅರ್ಧ ನೋಡಿ ಬರೆದೆ ಎಂದರೆ ಮುಗಿಯುತ್ತಿತ್ತು. ಪುಟ ಫಲಕದ ಮೇಲಿತ್ತು. ದಾರಿಯಲ್ಲಿ ಸಿಕ್ಕವರೆಲ್ಲ ಕನ್ನಡಕದ ವಾಕ್ಯ ಹೇಳಿ ಬೆನ್ನು ತಟ್ಟುತ್ತಿದ್ದರು. ಎರಡೂ ಸಿ.ಡಿ.ಗಳನ್ನು ಲಕೋಟೆಗೆ ಹಾಕಿ ಅಂಟಿಸಿದೆ. ಖಾಲಿ ಜಾಗಕ್ಕೆ ನೃತ್ಯದ ಕಾರ್ಯಕ್ರಮ ಹಾಕಿದರು.

ಇದಕ್ಕೆ ಕಾರಣ ಕೇಳಿದರೆ — ಹೆದರಿಕೆ ಎನ್ನಬಹುದು, ವಯಸ್ಸು ಎನ್ನಬಹುದು. ಯಾವುದನ್ನೂ ಎನ್ನುವುದಿಲ್ಲ. ಕಾರಣ ಹುಡುಕಿ ಕೊಡುವುದರಲ್ಲಿ ನನಗೆ ತರಬೇತಿ ಇದೆ, ಅದಕ್ಕೇ ಕೊಡಬಾರದು.

ಪ್ರಸನ್ನ ಉತ್ಸವಕ್ಕೆ ಬಂದ. ಒಬ್ಬನೇ. ಟಿಕೆಟ್ ಮಾಡಿಸಿ ಆಗಿತ್ತಲ್ಲ ಎಂದ, ಬೇರೆಯವರದ್ದಾದರೂ ನೋಡೋಣ ಅಂತ ಎಂದ. ಎರಡು ದಿನ ಹಿಂದಿನ ಸಾಲಿನಲ್ಲಿ ಕೂತು ಎಲ್ಲ ಸಿನಿಮಾಗಳನ್ನೂ ನೋಡಿದ. ಫಲಕದ ಮೇಲಿದ್ದ ನನ್ನ ಪುಟವನ್ನೂ ಓದಿದ್ದ. ಎರಡನೆಯ ದಿನ ಊಟದ ಬಿಡುವಿನಲ್ಲಿ, ಸಭಾಂಗಣದ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿದ. ಜಗಳಕ್ಕೆ ಬಂದಿರಲಿಲ್ಲ, ಮುಖದಲ್ಲಿ ಸಿಟ್ಟು ಇರಲಿಲ್ಲ. ಏನನ್ನೋ ಸರಿಯಾಗಿ ತಿಳಿದುಕೊಳ್ಳಬೇಕು ಎನ್ನುವವನ ಮುಖ.

"ಎರಡನೇದೂ ನೋಡ್ದಿಯೇನು?"

ನೋಡಿದೆ ಎಂದೆ. ಆ ಮಾತು ಅಕ್ಷರಶಃ ನಿಜ. ನಮ್ಮ ಕೂಟದಲ್ಲಿ ಇಂಥ ಉತ್ತರಗಳಿಗೆ ಅಂಕ ಸಿಗುತ್ತದೆ.

ಅವನು ಫಲಕವಿದ್ದ ಕಡೆ ಕೈ ತೋರಿಸಿದ.

"ಅದನ್ನ ನೋಡಿಯೇ ಬರ್ದಿದ್ದಾ?"

"ಹೂಂ. ನೋಡೇ ಬರೆದದ್ದು."

"ಹಂಗಾರ ಸರಿ ಬಿಡು."

ಅಷ್ಟೇ. ಮೆಟ್ಟಿಲಿಳಿದು ಹೋದ. ಸಾಯಂಕಾಲದ ಸಿನಿಮಾಗಳಿಗೆ ಇರಲಿಲ್ಲ.

ನನ್ನ ತಪ್ಪು ಎಷ್ಟು ದೊಡ್ಡದೆಂದು ಅಳೆಯುವಾಗ ಬಹಳ ಕಾಲ ಮೊದಲ ತಪ್ಪನ್ನೇ ಅಳೆದೆ — ನೋಡದೆ ಬರೆದದ್ದನ್ನು. ಅದು ಸೋಮಾರಿತನ, ಅಹಂಕಾರ; ಅದಕ್ಕೊಂದು ಮಿತಿ ಇದೆ. ಮೆಟ್ಟಿಲ ಮೇಲೆ ಆಡಿದ ಎರಡು ಶಬ್ದಗಳಿಗೆ ಮಿತಿ ಇಲ್ಲ. ನೋಡಲಿಲ್ಲ ಎಂದಿದ್ದರೆ ಅವನು ನನಗೆ ಬೈದು, ಸಿನಿಮಾವನ್ನು ಇನ್ನೊಂದು ಊರಿನ ಉತ್ಸವಕ್ಕೆ ಕಳಿಸುತ್ತಿದ್ದ. ನೋಡಿಯೇ ಬರೆದೆ ಎಂದಾಗ ಅವನಿಗೆ ಕೇಳಿಸಿದ್ದು ಬೇರೆ. ಕಾಕಾನ ಕೈಯಿಂದ ತಿಂದು ಬೆಳೆದವನು, ಆ ಕೈಯನ್ನು ಪರದೆಯ ಮೇಲೆ ಗುರುತಿಸಿದ, ಗುರುತಿಸಿಯೂ ಇದರಲ್ಲಿ ಏನೂ ಇಲ್ಲ ಎಂದ. ಅದು ಸಿನಿಮಾದ ಮೇಲಿನ ತೀರ್ಪಾಗಿ ಉಳಿಯಲಿಲ್ಲ. ಮೂವತ್ತು ವರ್ಷ ಬಿಸಿಲಲ್ಲಿ ನಿಂತ ಒಬ್ಬ ಮನುಷ್ಯನ ಮೇಲೆ — ವಾಕ್ಯ ಮುಗಿಸಲು ಆಗುತ್ತಿಲ್ಲ.

ಆ ಬೇಸಿಗೆಗೆ ಅವನು ಪರವಾಡದ ಕೆಲಸಕ್ಕೆ ಸೇರಿದ. ಮಾತ್ರೆಗಳ ಪ್ಯಾಕಿಂಗ್ ವಿಭಾಗ. ಸಂಬಂಧಿಕರ ಮದುವೆಗಳಲ್ಲಿ ಯಾರಾದರೂ ಕ್ಯಾಮೆರಾ ಕೊಟ್ಟು ನಾಲ್ಕು ಫೋಟೋ ತೆಗೆಯಪ್ಪಾ ಎಂದರೆ ನನಗೆ ಬರಲ್ಲ ಎನ್ನುತ್ತಾನಂತೆ. ನಾನು ಊರಿಗೆ ಹೋದಾಗ ಎದುರು ಸಿಕ್ಕರೆ ನಗುತ್ತಾನೆ, ಹೇಗಿದ್ದೀ ಎನ್ನುತ್ತಾನೆ. ಸಿನಿಮಾದ ಮಾತು ಇಬ್ಬರ ನಡುವೆ ಮತ್ತೆ ಬರಲಿಲ್ಲ.

ಎರಡು ವರ್ಷದ ಹಿಂದೆ ಭವಾನಿಪುರದಲ್ಲಿ ಒಂದು ಗೃಹಪ್ರವೇಶ. ರಾಯಚೂರಿನ ಕಡೆಯವರು, ತೆಲುಗು ಹುಡುಗಿಯನ್ನು ತಂದುಕೊಂಡ ಮನೆ. ಕಾಕಾ ಅವರಿಗೆ ದೂರದ ನೆಂಟರು. ಹತ್ತಿರದ ಗನ್ನವರಂನಲ್ಲಿ ಕೆಲಸದಲ್ಲಿದ್ದ ನನಗೂ ಕರೆಯಿತ್ತು. ಊಟದ ಪಾತ್ರೆ ತಂದ ಲಾರಿ ಇಕ್ಕಟ್ಟಿನ ಗಲ್ಲಿಯಲ್ಲಿ ಹಿಂದಕ್ಕೆ ಬರಲಾಗದೆ ಒದ್ದಾಡುತ್ತಿತ್ತು. ಗೋಡೆಗೆ ತಾಗುತ್ತದೆಂದು ಹತ್ತು ಜನ ಹತ್ತು ಕಡೆಯಿಂದ ಕೂಗುತ್ತಿದ್ದರು. ಕಾಕಾ ಎಲೆ ಬಿಟ್ಟು ಎದ್ದು ಹೋಗಿ ಲಾರಿಯ ಹಿಂದೆ ನಿಂತು ಕೈ ಎತ್ತಿದರು. ಮಾತಿಲ್ಲ. ಬೆರಳು ಸುತ್ತಿದರು, ಅಂಗೈ ಬೀಸಿದರು. ಕೂಗುತ್ತಿದ್ದವರು ಸುಮ್ಮನಾದರು. ಲಾರಿ ಗೋಡೆಗೆ ತಾಗದೆ ಬಂದು ನಿಂತಿತು. ಅವರು ಎರಡೂ ಕೈ ಹೊಟ್ಟೆಯ ಮುಂದೆ ಬೆಸೆದರು. ನಾನು ಕೈಯಲ್ಲಿದ್ದ ಎಲೆ ಹಿಡಿದುಕೊಂಡು ಅಲ್ಲೇ ನಿಂತಿದ್ದೆ.

ಆಮೇಲೆ ಊಟಕ್ಕೆ ನನ್ನ ಪಕ್ಕದಲ್ಲಿ ಬಂದು ಕೂತ ಕಾಕಾ ಮೊದಲು ನನ್ನ ತಾಯಿಯ ಆರೋಗ್ಯ ಕೇಳಿದರು. ಪಾಯಸ ಬಂದಾಗ ದನಿ ತಗ್ಗಿಸಿದರು.

"ತಮ್ಮಾ, ನಿನಗೊಂದು ಮಾತು ಹೇಳಬೇಕಂತ ಭಾಳ ದಿನದಿಂದ ಇತ್ತು. ನೀ ಅವತ್ತು ಛಲೋ ಮಾಡ್ದಿ. ಎಲ್ಲರೂ ಅವನ್ನ ಉಬ್ಬಿಸೋರೇ ಇದ್ರು. ಖರೇ ಹೇಳಿದಾಂವ ನೀನೊಬ್ನೇ."

ನಾನು ಪಾಯಸ ಕಲಸುತ್ತಿದ್ದೆ. ಹೌದು ಕಾಕಾ ಎಂದೆನೋ, ಹೂಂ ಎಂದೆನೋ, ನೆನಪಿಲ್ಲ. ಅಲ್ಲ ಎನ್ನಲಿಲ್ಲ, ಅದು ನೆನಪಿದೆ. ಹುಡುಗ ಆ ಸಿನಿಮಾದಲ್ಲಿ ಏನು ಮಾಡಿದ್ದ ಎಂದು ಅವರು ಕೇಳಲಿಲ್ಲ. ಏನೂ ಇರಲಿಲ್ಲ ಎಂದು ನಂಬಿದವರು ಯಾಕೆ ಕೇಳುತ್ತಾರೆ?

ಆ ದಿನವೂ ನಾನು ಹೇಳದೆ ಎದ್ದುಬಂದೆ. ಈಗ ಹೇಳುವಂತೆ ಮಾಡಿದ್ದು ದೊಡ್ಡದೇನಲ್ಲ. ಹೋದ ತಿಂಗಳು ಚರ್ಚಾಕೂಟದವರು ನನ್ನನ್ನು ಅತಿಥಿಯಾಗಿ ಕರೆದಿದ್ದರು. ಮಾಸ್ಟಾರು ಎಂದಿನ ಕಥೆ ಹೇಳಿ ಮುಗಿಸಿದಾಗ ಮೊದಲ ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, ಸಾರ್, ಆ ಸಿನಿಮಾ ಯಾವುದರ ಬಗ್ಗೆ ಇತ್ತು ಎಂದು ತೆಲುಗಿನಲ್ಲಿ ಕೇಳಿದಳು. ಆರು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಕರಿಕೋಟಿನ ನಾಯಕ, ಮುಖವಾಡದ ಶತ್ರುಗಳು ಎಂದು ಶುರುಮಾಡಿದೆ. ಮೊದಲ ಸಿ.ಡಿ. ಮುಗಿದ ಕಡೆ ನನ್ನ ಮಾತೂ ನಿಂತಿತು. ಆಮೇಲೆ ಏನಾಗುತ್ತದೆ ಎಂದಳು. ಮರೆತುಹೋಗಿದೆ ಎಂದೆ. ನನ್ನ ಮಾತನ್ನು ನಂಬದವಳು ಆ ಕೋಣೆಯಲ್ಲಿ ಅವಳೊಬ್ಬಳೇ ಎಂದು ಕಾಣುತ್ತದೆ. ಬರೆಯುವುದನ್ನು ನಿಲ್ಲಿಸಿ ಪೆನ್ನು ಮುಚ್ಚಿದಳು.

ಮರುದಿನ ಮಾಸ್ಟಾರಿಗೆ ಪತ್ರ ಬರೆದೆ. ಆ ಕಥೆ ಸುಳ್ಳು, ಇನ್ನು ಹೇಳಬೇಡಿ, ಫಲಕದ ಪುಟ ನಿಮ್ಮಲ್ಲಿದ್ದರೆ ಅದರ ಕೆಳಗೆ ಇದನ್ನೂ ಅಂಟಿಸಿ ಎಂದೆ. ಪ್ರಸನ್ನನಿಗೆ ತೆಲುಗಿನಲ್ಲಿ ಬೇರೆ ಬರೆದೆ, ಅವನಿಗೆ ಕನ್ನಡ ಓದಲು ಬರುವುದಿಲ್ಲ. ನೋಡದೆ ಬರೆದೆ, ನೋಡಿದ ಮೇಲೆ ಮುಚ್ಚಿಟ್ಟೆ, ಮೆಟ್ಟಿಲ ಮೇಲೆ ಸುಳ್ಳು ಹೇಳಿದೆ. ನಿನ್ನ ಸಿನಿಮಾವನ್ನು ಪೂರ್ತಿ ನೋಡಿದ ಯಾರೂ ಅದರಲ್ಲಿ ಸಾರ ಇಲ್ಲ ಎಂದು ಇಂದಿನವರೆಗೆ ಹೇಳಿಲ್ಲ. ಇಷ್ಟನ್ನೇ ಬರೆದೆ. ಕ್ಷಮಿಸು ಎಂದು ಬರೆದ ಸಾಲನ್ನು ಹೊಡೆದುಹಾಕಿದೆ. ಅದು ನನಗೆ ಬೇಕಾದದ್ದು, ಅವನಿಗಲ್ಲ. ಉತ್ತರ ಬಂದಿಲ್ಲ. ಬರಬೇಕೆಂಬ ನಿಯಮವೂ ಇಲ್ಲ.

ಇದನ್ನು ಕನ್ನಡದಲ್ಲಿ ಬರೆದು ಈ ಪತ್ರಿಕೆಗೆ ಕೊಟ್ಟದ್ದಕ್ಕೆ ಕಾರಣ ಒಂದೇ. ಗಾಜುವಾಕದ ಆ ಕಟ್ಟಡಕ್ಕೆ ಈ ಪತ್ರಿಕೆ ಅಂಚೆಯಲ್ಲಿ ಬರುತ್ತದೆ, ಒಂದೇ ಪ್ರತಿ. ಓದುವವರು ನೀವು, ತಿಮ್ಮಣ್ಣ ಕಾಕಾ. ಅಕ್ಷರ ಬಿಡದೆ ಓದುತ್ತೀರಿ, ಗೊತ್ತು.

ಖರೇ ಹೇಳಿದವನು ನಾನೊಬ್ಬನೇ ಎಂದಿರಿ. ನಾನು ಹೇಳಿರಲಿಲ್ಲ, ಈಗ ಹೇಳಿದ್ದೇನೆ. ನಿಮ್ಮ ಮಗ ತಾರಸಿಯ ಮೇಲೆ ನಿಂತು, ಒಂದು ಕಿರುಬೆರಳು ಮಡಚಿಕೊಂಡು ತೆಗೆದದ್ದು ನಿಮ್ಮನ್ನು. ನೀವು ಬಂದು ನೋಡಲು ಒಪ್ಪಿದ್ದಿರಿ, ನಾಲ್ಕು ಜನ ಓದಿದವರು ನೋಡಿ ಹೌದೆಂದರೆ. ಆ ನಾಲ್ವರ ಕೆಲಸ ನನ್ನ ಪಾಲಿಗೆ ಬಂದಿತ್ತು, ನಾನು ಮಾಡಲಿಲ್ಲ. ಆ ಷರತ್ತನ್ನು ಬಿಟ್ಟುಬಿಡಿ ಎಂದು ಕೇಳುವ ಹಕ್ಕು ನನಗಿಲ್ಲ. ಆದರೂ — ಓದಿದವರ ಮಾತಿಗೆ ಕಾಯದೆ, ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅದನ್ನ ನೀವೇ ಒಮ್ಮೆ ನೋಡ್ತೀರಾ, ಕಾಕಾ?